ಜೈಲಿನ ಬದಲು ನನ್ನ ಬಳಿಗೆ ಬಂದವರು

ಹೋದ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಸೌದಿಯ ಅಲ್ ಖೋಬರಿನ ನನ್ನ ಮಗಳ ಮನೆಗೆ ಇಬ್ಬರು ಯುವಕರು ಊಟಕ್ಕೆ ಬಂದಿದ್ದರು. ಒಬ್ಬ ಉಪ್ಪಿನಂಗಡಿಯವನು, ಇನ್ನೊಬ್ಬ ಕಾಪುವಿನವನು. ಇಬ್ಬರಿಗೂ ಬಲದಿಯಾದ, ಅಂದರೆ ಇಲ್ಲಿನ ನಗರಸಭೆಯ, ಗುತ್ತಿಗೆದಾರರ ಬಳಿ ಸೂಪರ್‌ವೈಸರ್ ಕೆಲಸ ಹೊಸದಾಗಿ ಸಿಕ್ಕಿದೆ. ನಾನು ಅದೇ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು. ಈಗ ವಿಸಿಟ್ ವೀಸಾದಲ್ಲಿ ಬಂದು ಮೊಮ್ಮಕ್ಕಳ ಇಂಗ್ಲಿಷ್ ಕೇಳುತ್ತ ಕೂತಿದ್ದೇನೆ.

"ಹಸನಾಕ, ನಮ್ಮ ಸೈಟಿಗೆ ಕೋರ್ಟಿನಿಂದ ಶಿಕ್ಷೆ ಆದವರನ್ನು ಕಳಿಸ್ತಾರಂತೆ. ಅವರನ್ನು ಎಂತ ಮಾಡುದು?" ಎಂದು ಕಾಪುವಿನವನು ಕೇಳಿದ. ನನ್ನ ಹೆಸರು ಹಸನ್, ಹಿರಿಯನೆಂದು ಊರಿನವರು ಹಸನಾಕ ಎನ್ನುತ್ತಾರೆ.

ಅಷ್ಟರಲ್ಲಿ ಬಿರಿಯಾನಿ ಬಂತು, ಮಾತು ಬೇರೆ ಕಡೆಗೆ ಹೋಯಿತು. ಊಟದ ನಡುವೆ ಹೇಳಿ ಮುಗಿಸುವಂಥ ಉತ್ತರವೂ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹುದ್ದೆ ಹೇಗೆ ಏರಿತು, ಯಾವ ಕಂಪನಿ ಎಷ್ಟು ಸಲ ಹೆಸರು ಬದಲಿಸಿತು ಎಂಬುದರಿಂದ ನಿಮಗೆ ಪ್ರಯೋಜನವಿಲ್ಲ. ನನ್ನ ಕೈಕೆಳಗೆ ಬಂದ ಕೆಲವರ ಕತೆ ಹೇಳುತ್ತೇನೆ.

ನಾನು ದುಡಿದದ್ದು ಅಲ್ ಖಫ್ಜಿಯಲ್ಲಿ. ಕುವೈತ್ ಗಡಿಯ ಹತ್ತಿರದ ಎಣ್ಣೆಬಾವಿಗಳ ಊರು. ಒಂದು ಕಡೆ ಸಮುದ್ರ, ಉಳಿದ ಕಡೆಯೆಲ್ಲ ಮರಳು. ಊರು ಸಣ್ಣದು, ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರುವಂಥದ್ದು. ಕಡಲತೀರ, ಉದ್ಯಾನಗಳು ಮತ್ತು ಊರ ಹೊರಗಿನ ಖಬರಸ್ತಾನ, ಈ ಮೂರರ ನಿರ್ವಹಣೆ ನಮ್ಮ ಕಂಪನಿಯದು. ನನ್ನ ಕೆಳಗೆ ಬಾಂಗ್ಲಾದವರು, ನೇಪಾಳದವರು ಇದ್ದರು. ಜೊತೆಗೆ ಜೆಸಿಬಿ ಓಡಿಸಲು ಪುತ್ತೂರಿನ ಇಕ್ಬಾಲ್ ಇದ್ದ. ನನ್ನ ಮೇಲೆ ಈಜಿಪ್ಟಿನ ಇಂಜಿನಿಯರ್ ಸಮೀರ್.

ಸಣ್ಣ ಅಪರಾಧಗಳಿಗೆ ಜೈಲಿನ ಬದಲು ಸಂಬಳವಿಲ್ಲದ ಕೆಲಸ ಕೊಡುವ ಕ್ರಮವನ್ನು ಅಲ್ಲಿನ ನ್ಯಾಯಾಧೀಶರು ಶುರು ಮಾಡಿದಾಗ ನಮಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಒಂದು ಬೆಳಿಗ್ಗೆ ಪೊಲೀಸ್ ಜೀಪು ಬಂದು ಕಡಲತೀರದಲ್ಲಿ ನಿಂತಿತು. ಸಾರ್ಜೆಂಟ್ ಒಬ್ಬರು ತೋಬ್ ಎಂಬ ಬಿಳಿ ಉದ್ದಂಗಿ ತೊಟ್ಟ ಒಬ್ಬ ಸೌದಿ ಗಂಡಸನ್ನು ಇಳಿಸಿ, "ಇವರು ಹೋಟೆಲಿನಲ್ಲಿ ಬಡಿಸುವವನಿಗೆ ಹೊಡೆದಿದ್ದಾರೆ. ಇಲ್ಲಿ ಗುಡಿಸಬೇಕು. ಗುಡಿಸಿದರೋ ಇಲ್ಲವೋ ಎಂದು ನೀನು ಹೇಳಬೇಕು" ಎಂದು ನನಗೆ ಒಪ್ಪಿಸಿ ಹೋದರು.

ಇಕಾಮಾ ಎಂಬ ವಾಸದ ಪರವಾನಗಿ ಕಿಸೆಯಲ್ಲಿಟ್ಟುಕೊಂಡು ಬದುಕುವ ಪರದೇಶಿ ನಾನು. ಈ ದೇಶದ ಮನುಷ್ಯನಿಗೆ "ಗುಡಿಸು" ಎಂದು ಹೇಗೆ ಹೇಳುವುದು? ಸಮೀರ್‌ಗೆ ಫೋನ್ ಮಾಡಿದೆ. "ಹೇಳಬೇಡ. ಪೊರಕೆ ಕೊಡು" ಎಂದರು. ಕೊಡಲೂ ಕೈ ಬರಲಿಲ್ಲ. ಕೊನೆಗೆ ನಾನೇ ಒಂದು ಪೊರಕೆ ಹಿಡಿದು ಅವರಿಂದ ಸ್ವಲ್ಪ ದೂರದಲ್ಲಿ ಗುಡಿಸತೊಡಗಿದೆ. ಆ ಮನುಷ್ಯ ತುಂಬ ಹೊತ್ತು ಸಮುದ್ರ ನೋಡುತ್ತ ನಿಂತ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಇನ್ನೊಂದು ಇದೆಯಾ?" ಎಂದ.

ಅಂದು ಕಲಿತ ಪಾಠ ಕೊನೆಯವರೆಗೂ ನನ್ನನ್ನು ಕಾಪಾಡಿತು. ಶಿಕ್ಷೆಯಾಗಿ ಬಂದವನಿಗೆ ಆಜ್ಞೆ ಮಾಡಬೇಡಿ. ಅವನ ಪಕ್ಕದಲ್ಲಿ ನಿಂತು ಕೆಲಸ ಶುರು ಮಾಡಿ.

ಎಲ್ಲರೂ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಒಮ್ಮೆ ದೊಡ್ಡ ವ್ಯಾಪಾರಿಯೊಬ್ಬರು ಬಂದರು. ಸಂಚಾರಿ ಪೊಲೀಸನನ್ನು ದಬ್ಬಿದ್ದಕ್ಕೆ ಉದ್ಯಾನದಲ್ಲಿ ಕೆಲಸದ ಶಿಕ್ಷೆ. ತಮ್ಮ ಕಾರಿನಿಂದ ಇಬ್ಬರು ಆಳುಗಳನ್ನು ಇಳಿಸಿ, ಅವರ ಕೈಗೆ ಪೊರಕೆ ಕೊಡಿಸಿ, ತಾವು ಮರದ ಕೆಳಗೆ ಮಡಚುವ ಕುರ್ಚಿ ಹಾಕಿ ಅರಬ್ಬಿ ಕಾಫಿ ಗಾವಾ ಕುಡಿಯುತ್ತ ಕೂತರು. ನಾನು ಸಮೀರ್ ಮುಖ ನೋಡಿದೆ. "ಉದ್ಯಾನ ಸ್ವಚ್ಛವಾದರೆ ಸಾಕಲ್ಲ" ಎಂದು ಅವರು ಆಚೆ ಹೋದರು.

ಅದೇ ಹೊತ್ತಿಗೆ ಗೇಟಿನಲ್ಲಿ ಒಬ್ಬ ಎತ್ತರದ ಮುದುಕರು ಕಾಣಿಸಿಕೊಂಡರು. ನರೆತ ಗಡ್ಡ, ಸವೆದ ಚಪ್ಪಲಿ. ಅವರು ಅಬು ನಾಸರ್, ಅಂದರೆ ನಾಸರ್‌ನ ತಂದೆ. ಅಲ್ಲಿ ಹಿರಿಯರನ್ನು ಮಗನ ಹೆಸರು ಹಿಡಿದು ಕರೆಯುವುದು ಮರ್ಯಾದೆ. ಊರಿನ ಕೌನ್ಸಿಲಿನ ಸದಸ್ಯರಾಗಿದ್ದ ಅವರಿಗೆ ರಸ್ತೆ ಸುರಕ್ಷತೆ, ಪೊಲೀಸರೊಂದಿಗಿನ ಮಾತುಕತೆ ಮತ್ತು ಈ ಶಿಕ್ಷೆಯ ಕೆಲಸದ ಉಸ್ತುವಾರಿ ಒಪ್ಪಿಸಿದ್ದರು. ಹಿಂದೆ ಶಾಲೆಯಲ್ಲಿ ಮೇಷ್ಟ್ರಾಗಿದ್ದವರಂತೆ. ಹೇಳದೆ ಕೇಳದೆ ತಪಾಸಣೆಗೆ ಬರುವುದು ಅವರ ಪದ್ಧತಿ.

ಅವರು ನೇರ ಆಳುಗಳ ಬಳಿ ಹೋಗಿ, ಒಬ್ಬನ ಭುಜ ಮುಟ್ಟಿ, "ಮಗಾ, ನೀನು ಯಾರನ್ನು ದಬ್ಬಿದ್ದೆ?" ಎಂದು ಕೇಳಿದರು. ಅವನು ಕಣ್ಣು ಕಣ್ಣು ಬಿಟ್ಟ. ಅಬು ನಾಸರ್ ಅವನ ಪೊರಕೆ ಇಸಿದುಕೊಂಡು ವ್ಯಾಪಾರಿಯ ಮುಂದೆ ನಿಂತರು. ಬೈಯಲಿಲ್ಲ, ಸ್ವರವನ್ನೂ ಏರಿಸಲಿಲ್ಲ. "ನೀವು ನನ್ನ ಹಳೆಯ ವಿದ್ಯಾರ್ಥಿ. ನಿಮ್ಮ ಪರೀಕ್ಷೆಯನ್ನು ಬೇರೆಯವರಿಂದ ಬರೆಸಲು ಆಗಲೂ ನಾನು ಬಿಟ್ಟಿರಲಿಲ್ಲ" ಎಂದರು. ಆ ದೊಡ್ಡ ಮನುಷ್ಯ ಎದ್ದು ನಿಂತು, ತೋಬ್ ಎತ್ತಿ ಕಟ್ಟಿಕೊಂಡು ಗುಡಿಸಲು ಶುರು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಒಬ್ಬ ಮನುಷ್ಯನ ಮಾತಿಗೆ ಅಷ್ಟು ತೂಕ ಇರಬಹುದು ಎಂದು ನಾನು ಎಣಿಸಿರಲಿಲ್ಲ.

ಕೆಲಸದ ರೀತಿ ಬದಲಾಗುತ್ತ ಹೋಯಿತು. ಹಾಜರಿಗೆ ಮೊದಲು ಸಹಿ, ಆಮೇಲೆ ಬೆರಳ ಗುರುತಿನ ಯಂತ್ರ, ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವುದು. ಈ ಫೋಟೋ ಬಂದಾಗ ಒಂದು ಎಡವಟ್ಟಾಯಿತು. ಯಾರೋ ಕೆಲಸದವನು ಒಬ್ಬ ಅಪರಾಧಿ ಕಸ ಹೆಕ್ಕುವ ಚಿತ್ರವನ್ನು ವಾಟ್ಸಾಪಿಗೆ ಬಿಟ್ಟ, ಅದು ಊರೆಲ್ಲ ಸುತ್ತಿತು. ಆ ಮನುಷ್ಯನ ಮಗಳ ಮದುವೆ ಮಾತುಕತೆ ನಿಂತುಹೋಗುವ ಹಂತಕ್ಕೆ ಬಂತು. ಅಬು ನಾಸರ್ ನಮ್ಮೆಲ್ಲರನ್ನೂ ಸೇರಿಸಿ, "ನ್ಯಾಯಾಧೀಶರು ಇವನ ಬೆನ್ನಿಗೆ ಕೆಲಸ ಕೊಟ್ಟರು. ಮುಖಕ್ಕೆ ಮಸಿ ಬಳಿಯಿರಿ ಎಂದು ನಿಮಗೆ ಯಾರು ಹೇಳಿದರು?" ಎಂದು ಕೇಳಿದರು. ಅಂದಿನಿಂದ ಫೋಟೋದಲ್ಲಿ ಕೈ ಮತ್ತು ಕೆಲಸ ಮಾತ್ರ, ಮುಖ ಇಲ್ಲ. ನಿಮ್ಮ ಕಾಲದಲ್ಲಿ ಯಂತ್ರ ಇನ್ನೂ ಬದಲಾದೀತು, ಈ ಮಾತನ್ನು ಮರೆಯಬೇಡಿ.

ಅಬು ನಾಸರ್ ಕೌನ್ಸಿಲಿನಲ್ಲಿ ಹಟ ಹಿಡಿದದ್ದು ಮುಖ್ಯವಾಗಿ ಒಂದು ವಿಷಯಕ್ಕೆ. ಊರ ಹೊರಗೆ ಒಂದು ಅಗಲ ರಸ್ತೆ ಇತ್ತು. ಸಂಜೆಯಾದರೆ ಯುವಕರು ಅಲ್ಲಿ ಕಾರುಗಳನ್ನು ಓಡಿಸಿ, ಒಮ್ಮೆಲೇ ತಿರುಗಿಸಿ, ಚಕ್ರಗಳನ್ನು ಜಾರಿಸಿ, ಗಿರಗಿರನೆ ಸುತ್ತಿಸುತ್ತಿದ್ದರು. ನೋಡಲು ಜನ ಸೇರುತ್ತಿದ್ದರು. ಅಲ್ಲಿ ಪೊಲೀಸ್ ಕಾವಲು ಬೇಕು, ರಸ್ತೆಗೆ ಉಬ್ಬು ಹಾಕಬೇಕು ಎಂದು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಕಾವಲು ಬಂತು. ಉಬ್ಬುಗಳ ಕೆಲಸ ಇನ್ನೇನು ಶುರುವಾಗಬೇಕು ಎನ್ನುವಾಗ ಅದೇ ರಸ್ತೆಯಲ್ಲಿ ಒಂದು ಕಾರು ಪಲ್ಟಿಯಾಯಿತು. ಓಡಿಸುತ್ತಿದ್ದ ಫಹದ್ ಎಂಬವನು ಕಾಲು ಮುರಿದುಕೊಂಡು ಬದುಕಿದ. ಪಕ್ಕದಲ್ಲಿ ಕೂತಿದ್ದ ಅವನ ಗೆಳೆಯ ಅಲ್ಲೇ ತೀರಿಹೋದ.

ತೀರಿಹೋದವನು ನಾಸರ್. ಅಬು ನಾಸರ್ ಅವರ ಒಬ್ಬನೇ ಮಗ.

ಖಬರ್ ತೋಡಿದ್ದು ನಮ್ಮ ಇಕ್ಬಾಲ್. ದೇಹ ಇಡುವ ಒಳಗಿನ ಗೂಡನ್ನು ಕೈಯಾರೆ ಸರಿಮಾಡಿದ್ದು ನಾನು. ಅಬು ನಾಸರ್ ತಾವೇ ಕೆಳಗಿಳಿದು ಮಗನನ್ನು ಮಲಗಿಸಿದರು. ಮಣ್ಣು ಹಾಕಿ ಮುಗಿದ ಮೇಲೆ ಅಲ್ಲಿ ಉಳಿದದ್ದು ಒಂದು ಗೇಣು ಎತ್ತರದ ದಿಬ್ಬ, ತಲೆಯ ಕಡೆ ಒಂದು ಕಾಡುಕಲ್ಲು. ನಮ್ಮ ಊರಿನ ಹಾಗೆ ಕೆತ್ತಿದ ಮೀಸಾನ್ ಕಲ್ಲು ಅಲ್ಲಿಲ್ಲ, ಹೆಸರೂ ಇಲ್ಲ. ಎಣ್ಣೆ ಕಂಪನಿಯ ದೊಡ್ಡ ಅಧಿಕಾರಿ, ದಿಕ್ಕಿಲ್ಲದ ಕೂಲಿ, ಕೌನ್ಸಿಲ್ ಸದಸ್ಯರ ಮಗ, ಎಲ್ಲರದೂ ಒಂದೇ ಮರಳು, ಒಂದೇ ಎತ್ತರ. ಬಿಸಿಲಿನಲ್ಲಿ ಆ ಸಾಲುಗಳ ನಡುವೆ ನಿಂತಾಗಲೆಲ್ಲ ನನ್ನ ಬಾಯಿ ಕಟ್ಟಿಹೋಗುತ್ತಿತ್ತು.

ಊರಿನವರ ಬಾಯಿ ಕಟ್ಟಲಿಲ್ಲ. "ಊರಿಗೆಲ್ಲ ಬುದ್ಧಿ ಹೇಳುವವರ ಮಗನೇ ಆ ಕಾರಿನಲ್ಲಿದ್ದನಲ್ಲ. ಅವನೇ ಹುರಿದುಂಬಿಸಿದ್ದಂತೆ" ಎಂದು ಅಂಗಡಿಗಳಲ್ಲಿ ಆಡಿಕೊಂಡರು. ಆ ಮಾತು ತಂದೆಯ ಕಿವಿಗೂ ಬಿದ್ದಿರಬೇಕು. ಕೋರ್ಟಿನಲ್ಲಿ ಅವರು, "ಕುಟುಂಬದ ಕಡೆಯಿಂದ ನಾವು ಕ್ಷಮಿಸಿದ್ದೇವೆ" ಎಂದು ಮಾತ್ರ ಹೇಳಿದರಂತೆ. ಸರಕಾರದ ಪಾಲಿನ ಶಿಕ್ಷೆ ಉಳಿಯಿತು. ಫಹದ್ ಸ್ವಲ್ಪ ಕಾಲ ಜೈಲಿನಲ್ಲಿದ್ದ. ಉಳಿದ ಅವಧಿಗೆ ಖಬರಸ್ತಾನದಲ್ಲಿ ಕೆಲಸ ಮಾಡಲಿ ಎಂದು ನ್ಯಾಯಾಧೀಶರು ಬರೆದರು.

ಹಾಗೆ ಅವನು ನನ್ನ ಬಳಿಗೆ ಬಂದ. ಕುಂಟುತ್ತ ಜೀಪಿನಿಂದ ಇಳಿದವನನ್ನು ನೋಡಿ ಇಕ್ಬಾಲ್ ನನ್ನನ್ನು ಪಕ್ಕಕ್ಕೆ ಕರೆದ.

"ಹಸನಾಕ, ಇವ ಯಾರು ಅಂತ ಗೊತ್ತುಂಟಾ? ಮುದುಕರು ಪ್ರತಿ ಗುರುವಾರ ಬರ್ತಾರೆ ಇಲ್ಲಿಗೆ. ಎದುರು ಬದುರು ಆದರೆ ಎಂತ ಮಾಡುದು?"

"ಗುರುವಾರ ಇವನನ್ನು ಕಡಲತೀರಕ್ಕೆ ಕಳಿಸುವ" ಎಂದೆ. ಸಮೀರ್ ಕೂಡ ಒಪ್ಪಿದರು. ಹಾಗೆಯೇ ನಡೆಯಿತು.

ಮೊದಲ ವಾರಗಳಲ್ಲಿ ಫಹದ್ ಏನೂ ಮಾಡಲಿಲ್ಲ. ಅವನ ಅಣ್ಣ ಕರೆತಂದು ನಿಲ್ಲಿಸಿಹೋಗುತ್ತಿದ್ದ ಕಾರಿನಲ್ಲಿ ಎಸಿ ಹಾಕಿಕೊಂಡು, ಕಿಟಕಿ ಏರಿಸಿ ಕೂತಿರುತ್ತಿದ್ದ. ನಾನು ಕಾರಿನ ಮುಂದೆಯೇ ಕೆಲಸ ಮಾಡಿದೆ. ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಹೆಕ್ಕಿದೆ, ಕುಸಿದ ದಿಬ್ಬಗಳಿಗೆ ಮರಳು ಎಳೆದೆ. ಅವನು ನನ್ನತ್ತ ನೋಡಲೇ ಇಲ್ಲ. ನನ್ನ ಹಳೆಯ ಉಪಾಯ ಈ ಸಲ ಸೋತಿತು ಎಂದುಕೊಂಡೆ. ಪೊಲೀಸರಿಗೆ ಇದ್ದದ್ದನ್ನು ಹೇಳಿದೆ. ಹೀಗೇ ಮುಂದುವರಿದರೆ ಅವನು ಮರಳಿ ಜೈಲಿಗೆ ಹೋಗಬೇಕಾಗುತ್ತದೆ ಎಂದು ಸಾರ್ಜೆಂಟ್ ಅವನಿಗೆ ಎಚ್ಚರಿಕೆ ಕೊಟ್ಟರು. ಅದಕ್ಕೂ ಅವನು ಅಲುಗಲಿಲ್ಲ.

ಒಂದು ಮಧ್ಯಾಹ್ನ ಉತ್ತರದ ಗಾಳಿ ಎದ್ದಿತು. ಮರಳು ಮುಖಕ್ಕೆ ಸೂಜಿಯಂತೆ ಚುಚ್ಚುತ್ತಿತ್ತು. ಆಸ್ಪತ್ರೆಯ ಗಾಡಿಯಲ್ಲಿ ಒಂದು ಮಯ್ಯತ್, ಅಂದರೆ ಶವ, ಬಂತು. ಬಾಂಗ್ಲಾದ ಒಬ್ಬ ಕೂಲಿ, ಬಿಸಿಲಿಗೆ ಬಿದ್ದು ಸತ್ತವನು. ಊರಿನಿಂದ ಮನೆಯವರು ಇಲ್ಲೇ ದಫನ ಮಾಡಿ ಎಂದಿದ್ದರಂತೆ. ಜೊತೆಗೆ ಬಂದವನು ಅವನ ಕೋಣೆಯ ಸಂಗಾತಿ ಒಬ್ಬನೇ, ಅವನೂ ಅಳುತ್ತ ಕೈಲಾಗದೆ ನಿಂತಿದ್ದ. ಗಾಳಿಗೆ ಹೆದರಿ ನಮ್ಮ ಆಳುಗಳನ್ನು ಸಮೀರ್ ಮುಂಚೆಯೇ ಕ್ಯಾಂಪಿಗೆ ಕಳಿಸಿದ್ದರು. ನಾನು ಮತ್ತು ಇಕ್ಬಾಲ್ ಖಬರಿನೊಳಗೆ ಇಳಿದೆವು. ಮೇಲಿನಿಂದ ದೇಹವನ್ನು ಕೊಡಲು ಜನ ಸಾಲದು. ಖಬರಿನ ಅಂಚು ಕುಸಿಯತೊಡಗಿತು.

ಆಗ ಕಾರಿನ ಬಾಗಿಲು ತೆರೆದ ಸದ್ದು ಕೇಳಿತು. ಫಹದ್ ಗಾಳಿಗೆ ಎದುರಾಗಿ ಕುಂಟುತ್ತ ಬಂದ. ಒಂದು ಮಾತೂ ಆಡದೆ ಮಯ್ಯತ್ತಿನ ತಲೆಯ ಕಡೆ ಕೈ ಹಾಕಿದ. ನಮ್ಮ ಕೈಗೆ ಕೊಟ್ಟು, ತಾನೂ ಕೆಳಗಿಳಿದ. ನಮ್ಮ ಜೊತೆ ಗೂಡಿಗೆ ಇಟ್ಟಿಗೆ ಜೋಡಿಸಿದ. ಗೂಡು ಮುಚ್ಚಿದ ಮೇಲೆ ಅವನು ಮೇಲೆ ಹತ್ತಲಾರದೆ ಅಲ್ಲೇ ಗೋಡೆಗೆ ಒರಗಿದ. ಇಕ್ಬಾಲ್ ಕೈಹಿಡಿದು ಎಳೆದ.

"ಇವನ ಹೆಸರು ಎಂತ?" ಎಂದು ಫಹದ್ ಆ ಕೋಣೆಯ ಸಂಗಾತಿಯನ್ನು ಕೇಳಿದ.

"ಶಫೀಕ್" ಎಂದ ಅವನು.

ಫಹದ್ ಆ ಹೆಸರು ಹೇಳಿ ದುವಾ ಮಾಡಿದ. ಮರುದಿನದಿಂದ ಅವನು ಕಾರಿನಲ್ಲಿ ಕೂರಲಿಲ್ಲ. ಬೆಳಿಗ್ಗೆ ನಮಗಿಂತ ಮೊದಲೇ ಬಂದು ಸಾಲುಗಳ ನಡುವೆ ಕೆಲಸ ಹಿಡಿಯುತ್ತಿದ್ದ. ಕುಸಿದ ದಿಬ್ಬ ಸರಿಮಾಡುವುದು, ಬಿದ್ದ ಕಲ್ಲು ಎತ್ತಿಡುವುದು, ಬಂದ ಮಯ್ಯತ್ತಿಗೆ ಹೆಗಲು ಕೊಡುವುದು, ಇಷ್ಟೇ. ಒಂದು ದಿನ ನೇರವಾಗಿ ನನ್ನನ್ನು ಕೇಳಿದ:

"ಹಸನ್, ನಾಸರ್ ಎಲ್ಲಿದ್ದಾನೆ?"

ಅಪಘಾತದ ದಿನದಿಂದ ಆಸ್ಪತ್ರೆಯಲ್ಲಿದ್ದವನು ಅವನು, ದಫನ ನೋಡಿರಲಿಲ್ಲ. ನನಗೆ ಖಬರ್ ಗೊತ್ತು. ಆದರೆ ತೋರಿಸಲು ನಾನು ಯಾರು?

"ಅದನ್ನು ಹೇಳುವ ಹಕ್ಕು ನನ್ನದಲ್ಲ" ಎಂದೆ.

ಅವನು ತಲೆಯಾಡಿಸಿ ಸಾಲಿಗೆ ಮರಳಿದ. ಗೆಳೆಯ ಯಾವುದರ ಕೆಳಗಿದ್ದಾನೆ ಎಂದು ತಿಳಿಯದೆ, ಎಲ್ಲ ದಿಬ್ಬಗಳನ್ನೂ ಒಂದೇ ಜತನದಿಂದ ನೋಡಿಕೊಂಡ.

ಅಷ್ಟರಲ್ಲಿ ಕೌನ್ಸಿಲಿಗೆ ದೂರು ಹೋಯಿತು. "ಒಂದು ಜೀವ ತೆಗೆದವನಿಗೆ ಹಾರೆ ಹಿಡಿಯುವುದು ಒಂದು ಶಿಕ್ಷೆಯೇ? ಈ ಕೆಲಸದ ಶಿಕ್ಷೆ ನಿಲ್ಲಿಸಲು ಮೇಲಿನವರಿಗೆ ಶಿಫಾರಸು ಮಾಡಿ" ಎಂದು ಊರಿನ ಕೆಲವರು ಬರೆದರು. ಸಭೆಗೆ ನನ್ನನ್ನೂ ಕರೆಸಿದರು. ನಾನು ಅಂಥ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಉದ್ದ ಮೇಜು, ಸುತ್ತ ಊರಿನ ಹಿರಿಯರು. ಕೊನೆಯಲ್ಲಿ ಅಬು ನಾಸರ್, ಕಣ್ಣು ಮೇಜಿನ ಮೇಲೆ.

"ಅವನು ಕೆಲಸ ಮಾಡುತ್ತಾನಾ? ನಿಜ ಹೇಳು, ಹೆದರಬೇಡ" ಎಂದರು ಅಧ್ಯಕ್ಷರು.

ನನಗೆ ಬಂದಷ್ಟು ಅರಬ್ಬಿಯಲ್ಲಿ ಹೇಳಿದೆ. ಮೊದಲು ಕಾರಿನಲ್ಲಿ ಕೂತದ್ದನ್ನೂ ಮುಚ್ಚಿಡಲಿಲ್ಲ. ಗಾಳಿಯ ದಿನದ ಸಂಗತಿ ಹೇಳಿದೆ. ಶಫೀಕ್ ಎಂಬ ಹೆಸರು ಹೇಳಿದೆ.

ಅಬು ನಾಸರ್ ತಲೆ ಎತ್ತಿದರು. "ಅವನು ನನ್ನ ಮಗನ ಮಾತು ಆಡುತ್ತಾನಾ?"

"ಇಲ್ಲ. ಒಮ್ಮೆ ಎಲ್ಲಿದ್ದಾನೆ ಎಂದು ಕೇಳಿದ. ನಾನು ಹೇಳಲಿಲ್ಲ."

"ಗುರುವಾರಗಳಲ್ಲಿ ಅವನನ್ನು ಎಲ್ಲಿಗೆ ಕಳಿಸುತ್ತೀ?"

"ಕಡಲತೀರಕ್ಕೆ."

"ಈ ಗುರುವಾರ ಕಳಿಸಬೇಡ" ಎಂದರು. ಶಿಫಾರಸಿನ ತೀರ್ಮಾನವನ್ನು ಮುಂದಿನ ಸಭೆಗೆ ಹಾಕಿದರು.

ಆ ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತು ಕಳೆದ ಮೇಲೆ ಅವರು ಒಬ್ಬರೇ ಕಾರಿನಲ್ಲಿ ಬಂದರು. ಅವರನ್ನು ಕಂಡ ಫಹದ್ ಕೈಯಲ್ಲಿದ್ದ ಹಾರೆಯನ್ನು ಕೆಳಗಿಡಲೂ ಮರೆತು ನಿಂತ. ಓಡಿಹೋಗುತ್ತಾನೇನೋ ಎಂದುಕೊಂಡೆ. ಹೋಗಲಿಲ್ಲ.

"ನೀನು ಹಸನ್ ಹತ್ತಿರ ಒಂದು ಪ್ರಶ್ನೆ ಕೇಳಿದೆಯಂತೆ. ಬಾ" ಎಂದರು ಅಬು ನಾಸರ್. ನನಗೂ ಬಾ ಎಂದು ಕೈಸನ್ನೆ ಮಾಡಿದರು. ಅವರಿಗೆ ಒಬ್ಬ ಸಾಕ್ಷಿ ಬೇಕಿತ್ತೋ, ಆಸರೆ ಬೇಕಿತ್ತೋ, ನನಗೆ ಇಂದಿಗೂ ತಿಳಿಯದು.

ಸಾಲುಗಳ ನಡುವೆ ನಡೆದು ಒಂದು ದಿಬ್ಬದ ಬಳಿ ನಿಂತರು. "ಇಲ್ಲಿದ್ದಾನೆ" ಎಂದರು.

ಫಹದ್ ಮೊಣಕಾಲೂರಿ ಕೂತ. ಅವನು ಎಷ್ಟೋ ಸಲ ಸರಿಮಾಡಿದ್ದ ದಿಬ್ಬವೇ ಅದು. ಆಮೇಲೆ ಅಬು ನಾಸರ್ ಹೇಳಿದರು, "ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟೆ. ನನ್ನದೂ ಒಂದು ಪ್ರಶ್ನೆ ಇದೆ. ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಅವನು ನಿನಗೆ ಏನು ಹೇಳುತ್ತಿದ್ದ?"

ಫಹದ್‌ಗೆ ಸುಳ್ಳು ಹೇಳುವುದು ಸುಲಭವಿತ್ತು. ನಾವಿಬ್ಬರೂ ನಗುತ್ತಿದ್ದೆವು ಎಂದರೆ ಸಾಕಿತ್ತು. ಊರೂ ಅದನ್ನೇ ನಂಬಿತ್ತು, ಅವನ ತಪ್ಪೂ ಅರ್ಧವಾಗುತ್ತಿತ್ತು. ನಿಜ ಹೇಳಿದರೆ, ಅದನ್ನು ಕೇಳಿದ ಅಬು ನಾಸರ್ ಒಂದು ಫೋನು ಮಾಡಿದರೂ ಅವನ ಪ್ರಕರಣ ಮತ್ತೆ ತೆರೆಯಬಹುದಿತ್ತು. ಅದು ಅವನಿಗೂ ಗೊತ್ತು.

"ನಿಲ್ಲಿಸು ಅಂದ" ಎಂದ ಫಹದ್. "ತಂದೆಯ ಮುಖ ನೋಡಲಿಕ್ಕೆ ಆಗುವುದಿಲ್ಲ, ನನ್ನನ್ನು ಇಳಿಸು ಅಂದ. ಮನೆಗೆ ಬಿಡುತ್ತೇನೆ ಎಂದು ಸುಳ್ಳು ಹೇಳಿ ಅವನನ್ನು ಹತ್ತಿಸಿಕೊಂಡದ್ದು ನಾನು. ಇಳಿಸು ಅಂತ ಮತ್ತೆ ಮತ್ತೆ ಕೇಳಿದ. ನಾನು ನಕ್ಕೆ. ನಿಲ್ಲಿಸಲಿಲ್ಲ."

ಅಬು ನಾಸರ್ ಮೆಲ್ಲಗೆ ಕೂತು, ಮಗನ ದಿಬ್ಬದ ಮೇಲೆ ಅಂಗೈ ಊರಿದರು. ಅವರ ಗಡ್ಡ ಒದ್ದೆಯಾಗುತ್ತಿತ್ತು. ಸಿಟ್ಟು ಬಂದೀತು ಎಂದು ನಾನು ಕಾದೆ. ಬರಲಿಲ್ಲ. ಬಹಳ ದಿನ ಹೊತ್ತ ಭಾರವನ್ನು ಯಾರೋ ಬಂದು ಕೆಳಗಿಳಿಸಿದ ಮನುಷ್ಯನ ಮುಖ ಅದು.

"ಇಳಿಸು ಅಂದನಾ" ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ ಎದ್ದು ಫಹದ್‌ನ ಕೈ ಹಿಡಿದರು. "ಇದನ್ನು ಅವನ ತಾಯಿ ನಿನ್ನ ಬಾಯಿಂದಲೇ ಕೇಳಬೇಕು. ಬಾ."

ಅಬು ನಾಸರ್ ಅವನನ್ನು ಎಬ್ಬಿಸಿ, ಕುಂಟುವ ಕಡೆಗೆ ತಮ್ಮ ಹೆಗಲು ಕೊಟ್ಟು, ಗೇಟಿನವರೆಗೆ ನಡೆಸಿಕೊಂಡು ಹೋದರು. ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಕಾರು ಹೊರಟುಹೋಯಿತು. ಅವನ ಕೆಲಸದ ಹೊತ್ತು ಇನ್ನೂ ಮುಗಿದಿರಲಿಲ್ಲ, ನಾನು ತಡೆಯಲಿಲ್ಲ. ಜೆಸಿಬಿಯ ಬಳಿ ನಿಂತಿದ್ದ ಇಕ್ಬಾಲ್, "ಹಸನಾಕ, ಎಂತ ಆಯಿತು?" ಎಂದು ಕೇಳಿದ. ನಾನು ಫಹದ್ ಬಿಟ್ಟುಹೋದ ಹಾರೆ ಎತ್ತಿಕೊಂಡು ಸಾಲಿಗೆ ಮರಳಿದೆ.

ಮುಂದಿನ ಸಭೆಯಲ್ಲಿ ಅಬು ನಾಸರ್, "ಈ ಕೆಲಸ ನಿಲ್ಲಬಾರದು" ಎಂದಷ್ಟೇ ಹೇಳಿದರಂತೆ. ಯಾರೂ ಎದುರಾಡಲಿಲ್ಲವಂತೆ. ಪ್ರಕರಣವನ್ನು ಮತ್ತೆ ಯಾರೂ ತೆರೆಯಲಿಲ್ಲ. ಆದರೆ ಅಂಗಡಿಗಳಲ್ಲಿ ನಾಸರ್‌ನ ಬಗ್ಗೆ ಆಡುತ್ತಿದ್ದ ಮಾತು ನಿಂತಿತು, ಏಕೆಂದರೆ ಫಹದ್ ತಾನೇ ಮಸೀದಿಯ ಬಾಗಿಲಲ್ಲಿ ಗೆಳೆಯರ ಮುಂದೆ ನಿಜ ಹೇಳಿದ್ದ.

ಆ ಮನೆಯೊಳಗೆ ಏನಾಯಿತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ವಾರದ ರಜೆ ಕಳೆದು ಅವನು ಕೆಲಸಕ್ಕೆ ಬಂದಾಗ ಕಣ್ಣು ಊದಿಕೊಂಡಿತ್ತು. ಎರಡೂ ಕೈಯಲ್ಲಿ ಬಟ್ಟೆ ಕಟ್ಟಿದ ದೊಡ್ಡ ತಟ್ಟೆ ಹಿಡಿದಿದ್ದ. ನೀರಿನ ಟ್ಯಾಂಕಿನ ನೆರಳಿನಲ್ಲಿ ಅದನ್ನು ಇಟ್ಟು ಬಟ್ಟೆ ಬಿಚ್ಚಿದ. ಕಬ್ಸಾ ಎಂಬ ಕುರಿಮಾಂಸದ ಅನ್ನ, ಇನ್ನೂ ಹಬೆಯಾಡುತ್ತಿತ್ತು.

"ನಾಸರ್‌ನ ತಾಯಿ ಕಳಿಸಿದ್ದಾರೆ" ಎಂದ. "ಇಲ್ಲಿ ಕೆಲಸ ಮಾಡುವ ಎಲ್ಲರಿಗೂ ಅಂದರು. ನನಗೂ ಅಂದರು."

ನಾವೆಲ್ಲ ಸುತ್ತ ಕೂತೆವು. ಬಾಂಗ್ಲಾದವರು, ನೇಪಾಳದವರು, ಇಕ್ಬಾಲ್, ನಾನು, ಫಹದ್. ಬಿಸ್ಮಿಲ್ಲಾ ಹೇಳಿ ಒಂದೇ ತಟ್ಟೆಗೆ ಕೈ ಹಾಕಿದೆವು.